ಹರಿಯೋ ನೀರಿಗೆ ಬಿಟ್ಟದ್ದು

ನನ್ನ ಬಲಗಾಲಿನ ಗಂಬೂಟು ಈಗಲೂ ನಮ್ಮ ಬಡಾವಣೆಯ ಕೆರೆಯಲ್ಲೇ ಇದೆ. ನನ್ನದು ಅಂದರೆ ನನ್ನದಲ್ಲ, ಕೆರೆ ಸ್ವಚ್ಛ ಮಾಡುವ ತಂಡದ್ದು. ನನ್ನ ಕಾಲು ಏಳನೇ ನಂಬರು, ಅವರ ಹತ್ತಿರ ಉಳಿದಿದ್ದದ್ದು ಹತ್ತನೇ ನಂಬರು. ರಾಜಕಾಲುವೆ ಕೆರೆಗೆ ಸೇರುವ ಕಡೆ ಇಳಿದು ನಾಲ್ಕು ಹೆಜ್ಜೆ ಇಟ್ಟೆ. ಐದನೆಯದಕ್ಕೆ ಕಾಲು ಬಂತು, ಬೂಟು ಬರಲಿಲ್ಲ.

ನಾನೇನು ಸೇವೆ ಮಾಡಲು ಹೋದವನಲ್ಲ. ಭಾನುವಾರ ಬೆಳಿಗ್ಗೆ ಆರೂವರೆಗೆ ಏರಿಯ ಮೇಲೆ ವಾಕಿಂಗ್ ಹೊರಟಿದ್ದೆ. ಕೆಳಗೆ ಹತ್ತು ಹದಿನೈದು ಜನ ಕೆಸರಲ್ಲಿ ನಿಂತು ಕಸ ತೆಗೆಯುತ್ತಿದ್ದರು. ಸುಮ್ನೆ ಹೋಗಬಹುದಿತ್ತು. "ಈ ಜನಕ್ಕೆ ಬುದ್ಧಿ ಇಲ್ಲ, ಇರೋ ಬರೋ ಕಸ ಎಲ್ಲ ತಂದು ಕೆರೆಗೆ ಹಾಕ್ತಾರೆ" ಎಂದು ಗಟ್ಟಿಯಾಗಿ ಹೇಳಿಬಿಟ್ಟೆ. ತಂಡದ ಮುಂದಾಳು ನಮ್ಮ ಹಿಂದಿನ ರಸ್ತೆಯ ಹುಡುಗಿ. "ಕರೆಕ್ಟಾಗಿ ಹೇಳಿದ್ರಿ ಅಂಕಲ್" ಎಂದು ಖುಷಿಯಿಂದ ನನ್ನ ಕೈಗೆ ಗ್ಲೌಸ್ ಕೊಟ್ಟಳು.

ಕೆಲಸ ನೋಡಲು ಸುಲಭ. ನೀರಿನ ಮೇಲೆ ಚಾಪೆಯಂತೆ ಹಾಸಿಕೊಂಡ ಅಂತರಗಂಗೆ ಗಿಡವನ್ನು ಎಳೆದು ದಡಕ್ಕೆ ಹಾಕಬೇಕು. ನೇರಳೆ ಹೂ ಬಿಡುತ್ತದಲ್ಲ, ಆ ಹಯಸಿಂತ್. ದಕ್ಷಿಣ ಅಮೆರಿಕದ ಗಿಡ. ಹೂ ಚೆಂದ ಅಂತ ಊರೂರಿಗೆ ಒಯ್ದವರು ಪುಣ್ಯಾತ್ಮರು. ಕೊಳಚೆ ನೀರೆಂದರೆ ಅದಕ್ಕೆ ಹಬ್ಬದೂಟ. ಒಂದೆರಡು ವಾರದಲ್ಲಿ ಎರಡರಷ್ಟಾಗುತ್ತದಂತೆ. ನಾನು ಬ್ಯಾಂಕಿನಲ್ಲಿ ಮೂವತ್ತೈದು ವರ್ಷ ಇದ್ದವನು. ಹಣ ಎರಡರಷ್ಟಾಗಲು ಹತ್ತು ವರ್ಷ ಕಾಯಿರಿ ಎಂದು ಗಿರಾಕಿಗಳಿಗೆ ಹೇಳಿ ಹೇಳಿ ನಿವೃತ್ತನಾದೆ. ಈ ಗಿಡ ನೋಡಿ ನಾಚಿಕೆಯಾಯಿತು.

ಇನ್ನೊಂದು ವಿಷಯ ಆಮೇಲೆ ಗೊತ್ತಾಯಿತು. ಗಿಡದ ತೂಕದಲ್ಲಿ ನೂರಕ್ಕೆ 90ಕ್ಕೂ ಜಾಸ್ತಿ ಭಾಗ ಬರೀ ನೀರು. ಅಂದರೆ ಕೆರೆ ಉಳಿಸುತ್ತೇನೆಂದು ಸೊಂಟ ಮುರಿದುಕೊಂಡು ನಾನು ದಡಕ್ಕೆ ಹೊತ್ತು ಹಾಕಿದ್ದು ಕೆರೆಯ ನೀರನ್ನೇ!

ಬೂಟು ಹೋದದ್ದು ಈ ಹೊತ್ತಿನಲ್ಲಿ. ಏರಿಯ ಮೇಲೆ ಕೂತಿದ್ದ ಹಳೇ ಊರಿನ ಹಿರಿಯರೊಬ್ಬರು ಬೀಡಿ ಆರಿಸಿ, "ಬೂಟು ಹೋದ್ರೆ ಹೋಗ್ಲಿ ಬಿಡಿ ಸ್ವಾಮಿ, ಕಾಲು ಬಂತಲ್ಲ" ಎಂದರು. ಅವರ ಚಿಕ್ಕಂದಿನಲ್ಲಿ ಇಲ್ಲಿ ನೀರುಗಂಟಿ ಇದ್ದನಂತೆ. ಅವನು ತೂಬು ಎತ್ತಿದರೇ ಗದ್ದೆಗೆ ನೀರು. ಕೆರೆ ತುಂಬಿ ಕೋಡಿ ಹರಿದ ದಿನ ಊರಿಗೆಲ್ಲ ಸಂಭ್ರಮ. "ಈಗ ದಿನಾ ಕೋಡಿ ಹರೀತದೆ. ಎಲ್ಲಾ ನಿಮ್ ಬಚ್ಚಲು ನೀರು" ಎಂದು ಮತ್ತೆ ಬೀಡಿ ಹಚ್ಚಿದರು. 'ನಿಮ್' ಎನ್ನುವಾಗ ನನ್ನನ್ನೇ ನೋಡಿದರು.

ಅಷ್ಟರಲ್ಲಿ ಒಬ್ಬ ಹುಡುಗ ಕೊಕ್ಕೆಯಿಂದ ಒಂದು ಚೀಲ ಎತ್ತಿದ. ಅದಕ್ಕೂ ಮುಂಚೆ ಅದೇ ಕೊಕ್ಕೆಗೆ ಹವಾಯಿ ಚಪ್ಪಲಿ, ಥರ್ಮಾಕೋಲ್ ಮಂಟಪ, ಗಣಪತಿಯ ಒಂದು ಕೈ ಎಲ್ಲ ಬಂದಿದ್ದವು. ಇದು ಹಳದಿ ತಾಂಬೂಲದ ಚೀಲ. ಹುಡುಗಿ ಕೆಸರು ಒರೆಸಿ ಓದಿದಳು. ವಧು, ವರ, ತಾರೀಖು, ಛತ್ರ.

"ಅಂಕಲ್, ಇದು ನಿಮ್ಮನೆ ಮದುವೆ ಅಲ್ವಾ? ನಾವೂ ಬಂದಿದ್ವಿ. ಹೋಳಿಗೆ ತುಂಬಾ ಚೆನ್ನಾಗಿತ್ತು."

"ಆರುನೂರು ಜನಕ್ಕೆ ಕೊಟ್ಟಿದ್ವಮ್ಮ. ಯಾರೋ ಎಸೆದಿರಬೇಕು" ಎಂದೆ.

"ಈ ಜನಕ್ಕೆ ಬುದ್ಧಿ ಇಲ್ಲ" ಎಂದಳು. ನನ್ನ ಮಾತು ನನಗೇ ವಾಪಸ್.

ಚೀಲದೊಳಗೆ ಗಾಜು ಬಿರುಕು ಬಿಟ್ಟ ತಿರುಪತಿ ತಿಮ್ಮಪ್ಪನ ಫೋಟೋ. ಹಿಂದೆ ತಿರುಗಿಸಿದಳು. 'ಗೃಹಪ್ರವೇಶದ ಶುಭಾಶಯಗಳು' ಎಂದು ಬರೆದು, ಕೆಳಗೆ ನನ್ನ ಹೆಸರು, ನನ್ನ ಬ್ಯಾಂಕಿನ ಶಾಖೆಯ ಹೆಸರು. ಆ ಕಾಲದ ಇಂಕು ಎಷ್ಟು ಗಟ್ಟಿ ಅಂತೀರಿ! ಒಂದಕ್ಷರ ಅಳಿಸಿರಲಿಲ್ಲ.

ಒಪ್ಪಿಕೊಳ್ಳದೆ ದಾರಿ ಇರಲಿಲ್ಲ. ಒಡೆದ ಫೋಟೋ ಮನೆಯಲ್ಲಿ ಇಡಬಾರದು, ಕಸಕ್ಕೂ ಹಾಕಬಾರದು, ಹರಿಯೋ ನೀರಿಗೆ ಬಿಟ್ಟು ಬನ್ನಿ ಎಂದು ನಮ್ಮ ಮನೆಯವರ ಆಜ್ಞೆ. ಬೆಂಗಳೂರಲ್ಲಿ ಹರಿಯೋ ನೀರು ಎಲ್ಲಿದೆ ಹೇಳಿ? ವೃಷಭಾವತಿ ಬಸವನಗುಡಿಯ ದೊಡ್ಡ ಬಸವಣ್ಣನ ಹತ್ತಿರ ಹುಟ್ಟಿ, ಅರ್ಕಾವತಿಯನ್ನು ಕೂಡಿಕೊಂಡು, ಸಂಗಮದಲ್ಲಿ ಕಾವೇರಿಗೆ ಸೇರುತ್ತದೆ ಎಂದು ಎಲ್ಲೋ ಓದಿದ್ದೆ. ಹಾಗಾದರೆ ನಮ್ಮ ಮೋರಿಯದೂ ಅದೇ ದಾರಿ, ಇಲ್ಲಿ ಬಿಟ್ಟರೆ ಕಾವೇರಿಗೇ ಬಿಟ್ಟಂತೆ ಎಂದು ಲೆಕ್ಕ ಹಾಕಿದೆ. ರಾತ್ರಿ ಹತ್ತಕ್ಕೆ ಸೇತುವೆ ಮೇಲೆ ನಿಂತು, ಆ ಕಡೆ ಈ ಕಡೆ ನೋಡಿ, ಗೋವಿಂದಾ ಎಂದು ಕೈಬಿಟ್ಟೆ. 'ಬುಳಕ್' ಎನ್ನಬೇಕಿತ್ತು. 'ಧೊಪ್' ಎಂದಿತು. ಆಗಲೇ ಅನುಮಾನ ಬರಬೇಕಿತ್ತು.

ಹುಡುಗಿ ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು, ಪಾಠ ಮಾಡಿದಳು. "ಅಂಕಲ್, ನಮ್ಮದು ವೃಷಭಾವತಿ ಕಣಿವೆ ಅಲ್ಲ, ಕೋರಮಂಗಲ-ಚಲ್ಲಘಟ್ಟ ಕಣಿವೆ. ಇಲ್ಲಿಯ ನೀರು ಬೆಳ್ಳಂದೂರು, ವರ್ತೂರು ಕೆರೆ ದಾಟಿ ದಕ್ಷಿಣ ಪಿನಾಕಿನಿಗೆ ಹೋಗುತ್ತೆ. ಆಮೇಲೆ ತಮಿಳುನಾಡು."

ಬೆಳ್ಳಂದೂರು ಅಂದರೆ ನೊರೆ ಉಕ್ಕಿಸುವ ಕೆರೆ. 2015ರಲ್ಲಿ ಒಂದು ಸಲ, 2017ರಲ್ಲಿ ಇನ್ನೊಂದು ಸಲ ಬೆಂಕಿ ಹತ್ತಿಕೊಂಡ ಕೆರೆ. ಆ ದಾರಿಯಲ್ಲಿ ನಾನು ದೇವರನ್ನು ಕಳಿಸಿದ್ದೆ.

"ತಮಿಳುನಾಡಿಗೆ ಯಾಕ್ ಕಳಿಸಿದ್ರಿ ಸ್ವಾಮಿ?" ಎಂದರು ಏರಿಯ ಮೇಲಿನ ಹಿರಿಯರು. "ತಿರುಪತಿ ಇರೋದು ಆಂಧ್ರದಾಗಲ್ವಾ?"

ನೀರಿಂದ ತೆಗೆದ ದೇವರ ಫೋಟೋಗಳನ್ನು ಕಸದ ಗಾಡಿಗೆ ಹಾಕಲು ಈ ತಂಡಕ್ಕೂ ಧೈರ್ಯವಿಲ್ಲ. ಪಕ್ಕದ ಅಶ್ವತ್ಥಕಟ್ಟೆಯ ಮೇಲೆ ಸಾಲಾಗಿ ಒರಗಿಸಿದ್ದಾರೆ. ನನ್ನದನ್ನೂ ಅಲ್ಲೇ ಇಡಲು ಹೋದೆ. "ಜಾಗ ಇಲ್ಲ ಅಂಕಲ್. ಓನರ್ ಗೊತ್ತಿರೋದು ಇದೊಂದೇ" ಎಂದಳು.

ಒಂದು ಕಾಲಿಗೆ ಬೂಟು, ಇನ್ನೊಂದಕ್ಕೆ ಕೆಸರು, ಕೈಯಲ್ಲಿ ತೊಟ್ಟಿಕ್ಕುವ ಚೀಲ. ಹೀಗೆ ಮನೆ ಸೇರಿದೆ. ನಮ್ಮ ಮನೆಯವರು ಬಾಗಿಲಲ್ಲೇ ಚೀಲ ನೋಡಿದರು. ನನ್ನನ್ನು ನೋಡಲಿಲ್ಲ. ಒಂದು ಮಾತೂ ಆಡದೆ ಫೋಟೋ ತೊಳೆದು, ಒರೆಸಿ, ಬಿಸಿಲಿಗಿಟ್ಟರು. ಸಂಜೆ ಫ್ರೇಮ್ ಅಂಗಡಿಯವನು 180 ರೂಪಾಯಿಗೆ ಹೊಸ ಗಾಜು ಹಾಕಿಕೊಟ್ಟ.

"ಇಷ್ಟೇನಾ? ಅವತ್ತೇ ಹಾಕಿಸಬಹುದಿತ್ತಲ್ರೀ!"

ಅವತ್ತೇ ಹೇಳಬಹುದಿತ್ತಲ್ಲ ಎಂದು ನಾಲಿಗೆಯ ತುದಿಗೆ ಬಂತು, ನುಂಗಿಕೊಂಡೆ. ಅವರು ಬಾಗಿಲ ಹತ್ತಿರ ಇದ್ದ ಎಡಗಾಲಿನ ಬೂಟನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು ಕೇಳಿದರು. "ಇದನ್ನ ಎಲ್ಲಿಗೆ ಬಿಟ್ಟು ಬರ್ತೀರಿ?"