ಮಗುವಿನ ಕಥೆಗೆ ಎಂಟು ಚೀಟಿ ಸಾಕು

ಪ್ರತಿಭಾ ಕಾರಂಜಿ ಹತ್ತಿರ ಬಂತು ಅಂದ್ರೆ ಹಾಸನದ ಕಡೆ ಎಷ್ಟೋ ಮನೇಲಿ ನಡೆಯೋದು ಒಂದೇ. ಕಥೆ ಹೇಳುವ ಸ್ಪರ್ಧೆಗೆ ಮಗುವಿನ ಹೆಸರು ಕೊಟ್ಟಿರ್ತಾರೆ, ಕಥೆ ಮಾತ್ರ ಅಮ್ಮನೋ ಮೇಷ್ಟ್ರೋ ಬರೆದಿರ್ತಾರೆ. ಮಗು ಕೈ ಆಡಿಸ್ತಾ ಬಾಯಿಪಾಠ ಒಪ್ಪಿಸುತ್ತೆ. ಎಂಟು-ಹತ್ತು ವರ್ಷದ ಮಕ್ಕಳಿಗೆ ಸ್ವಂತ ಕಥೆ ಕಟ್ಟೋಕೆ ಬರಲ್ಲ ಅಂತ ನಾವೇ ತೀರ್ಮಾನ ಮಾಡಿಬಿಟ್ಟಿದ್ದೀವಿ. ಖಂಡಿತಾ ಬರುತ್ತೆ. ಅವರ ತಲೇಲಿ ಘಟನೆಗಳಿಗೆ ಬರ ಇಲ್ಲ. "ಆಮೇಲೆ ಆನೆ ಬಂತು, ಆಮೇಲೆ ಎಲ್ಲರೂ ಓಡಿದ್ರು, ಆಮೇಲೆ ಊಟ ಮಾಡಿದ್ರು." ಒಂದರ ದೆಸೆಯಿಂದ ಇನ್ನೊಂದು ಆಗಬೇಕು ಅನ್ನೋದಷ್ಟೇ ಗೊತ್ತಿರಲ್ಲ. ದೊಡ್ಡವರು ಕೈ ಹಾಕಬೇಕಾದ ಜಾಗ ಅದೊಂದೇ.

ಸಾಮಾನು ಜಾಸ್ತಿ ಬೇಡ. ಒಂದು ಎ4 ಹಾಳೆ ಕತ್ತರಿಸಿ ಎಂಟು ಚೀಟಿ, ಜೋಡಿಸೋಕೆ ಹಳೇ ಕ್ಯಾಲೆಂಡರಿನ ಖಾಲಿ ಬೆನ್ನು, ಒಂದು ಪೆನ್ಸಿಲ್. ಗಮ್ ಹಚ್ಚಬೇಡಿ, ಚೀಟಿ ಜರುಗಿಸೋಕೆ ಆಗಬೇಕು. ನೇರ ನೋಟ್‌ಬುಕ್ಕಿಗೆ ಬರೆಸಿದ್ರೆ ಬರೆದದ್ದನ್ನ ಹೊಡೆದುಹಾಕೋಕೆ ಮಕ್ಕಳು ಒಪ್ಪಲ್ಲ; ಅಕ್ಷರ ದುಂಡಗೆ ಬಂದಿದ್ರಂತೂ ಮುಗಿದೇ ಹೋಯ್ತು. ಚೀಟಿಗೆ ಒಂದೇ ವಾಕ್ಯ. ಏಳು ವರ್ಷದೊಳಗಿನ ಮಗುವಾದ್ರೆ ಅದು ಹೇಳಲಿ, ನೀವು ಬರೀರಿ, ಆದ್ರೆ ಅದರ ಮಾತಲ್ಲೇ.

ಮೊದಲನೇ ಚೀಟಿಯಲ್ಲಿ ಆಸೆ ಇರಬೇಕು. "ಚಿನ್ನಿ ಒಳ್ಳೇ ಹುಡುಗಿ ಆಗಬೇಕು" ಅನ್ನೋ ಆಸೆಯಿಂದ ಕಥೆ ಹೊರಡಲ್ಲ. "ಚಿನ್ನಿ ಸಕಲೇಶಪುರದ ಜಾತ್ರೇಲಿ ತೊಟ್ಟಿಲು ಹತ್ತಬೇಕು" ಅಂದ್ರೆ ತಕ್ಷಣ ಹೊರಡುತ್ತೆ, ಸಿಕ್ತೋ ಇಲ್ವೋ ಅಂತ ಕೇಳಬಹುದಲ್ಲ. ಇದೇನು ಹೊಸ ವಿದ್ಯೆ ಅಲ್ಲ. ಭರತನ ನಾಟ್ಯಶಾಸ್ತ್ರ ಹೇಳೋ ಐದು ಅವಸ್ಥೆಗಳಲ್ಲಿ, ಅಂದ್ರೆ ನಾಟಕದ ಕಥೆ ಸಾಗೋ ಹಂತಗಳಲ್ಲಿ, ಮೊದಲನೇದು, ಆರಂಭ, ಫಲಕ್ಕಾಗಿ ಹುಟ್ಟುವ ಹಂಬಲವೇ.

ಎರಡನೇ ಚೀಟಿಯಿಂದ ಪ್ರತಿ ವಾಕ್ಯವೂ "ಆದರೆ" ಅಥವಾ "ಅದಕ್ಕೇ" ಅಂತಲೇ ಶುರುವಾಗಲಿ. ಆದರೆ ಅಪ್ಪ ಆಳುಗಳ ಬಟವಾಡೆಗೆ ದುಡ್ಡು ತರೋಕೆ ಪೇಟೆಗೆ ಹೋಗಿದ್ದಾರೆ, ಕಣದಲ್ಲಿ ಹರಡಿದ ಕಾಫಿ ಕಾಯೋದು ಚಿನ್ನಿ ಪಾಲಿಗೆ ಬಂದಿದೆ. ಅದಕ್ಕೇ ತಮ್ಮನನ್ನ ಕೂರಿಸಿ ಹೊರಟಳು. ಆದರೆ ಅರ್ಧ ದಾರೀಲಿ ಮೋಡ ಕವೀತು, ತಮ್ಮ ಒಬ್ಬನಿಗೇ ಟಾರ್ಪಾಲು ಎಳೆಯೋಕೆ ಆಗಲ್ಲ. ಇಷ್ಟಾದ ಮೇಲೆ ಮಗುವಿನ ಮುಖ ನೋಡಿ. ಒಣಗಿದ ಕಾಫಿ ಮತ್ತೆ ನೆಂದ್ರೆ ಬೂಸ್ಟು ಹಿಡಿಯುತ್ತೆ ಅಂತ ತೋಟದ ಮಕ್ಕಳಿಗೆ ಹೇಳಿಕೊಡಬೇಕಾಗಿಲ್ಲ. ತೇರಿನ ತುದಿ ಕಾಣೋ ದೂರದಲ್ಲಿ ನಿಂತು ಚಿನ್ನಿ ಮುಂದೆ ಹೋಗ್ತಾಳಾ, ವಾಪಸ್ ಓಡ್ತಾಳಾ? ಕಥೆಯ ಶಿಖರ ಅಂದ್ರೆ ಈ ಆಯ್ಕೆ. ಸಿಡಿಲು ಗುಡುಗು ಎಷ್ಟೇ ಹಾಕಿ, ಆಯ್ಕೆ ಇಲ್ಲದಿದ್ರೆ ಶಿಖರ ಇಲ್ಲ.

ಶಿಖರ ಅಂದಾಗ ಆ ಬೆಟ್ಟದ ಚಿತ್ರದ ಬಗ್ಗೆ ಒಂದು ತಕರಾರು. ಹತ್ತೋ ಗೆರೆ, ತುದಿ, ಇಳಿಯೋ ಗೆರೆ ಬರೆದು ಕಥೆ ಅಂದ್ರೆ ಇದು ಅಂತ ತೋರಿಸ್ತಾರಲ್ಲ, ಅದರ ಮೂಲ 1863ರಲ್ಲಿ ಜರ್ಮನಿಯ ಲೇಖಕ ಗುಸ್ತಾವ್ ಫ್ರೈಟಾಗ್ ಐದಂಕದ ನಾಟಕಗಳಿಗೆ ಕೊಟ್ಟ ನಕ್ಷೆ. ಅಲ್ಲಿ ತುದಿ ನಡುಮಧ್ಯೆ ಬರುತ್ತೆ. ಎರಡು ಪುಟದ ಕಥೆಗೆ ಅದನ್ನೇ ತಂದ್ರೆ, ಮಗು ಹತ್ತಿದಷ್ಟೇ ಉದ್ದ ಇಳಿಯೋಕೆ ಹೋಗಿ ಸುಸ್ತಾಗುತ್ತೆ. ಎಂಟರಲ್ಲಿ ಆರನೇದೋ ಏಳನೇದೋ ಚೀಟಿ ಶಿಖರ ಆಗಲಿ, ಆಮೇಲೆ ಒಂದೆರಡರಲ್ಲಿ ಮುಗಿಸಿ. ಮುನ್ನೂರು ಪದದ ಕಥೆಯಾದ್ರೆ ಶುರುವಿಗೆ ಐವತ್ತು, ಕೊನೆಗೆ ಐವತ್ತು ಸಾಕು, ಉಳಿದದ್ದೆಲ್ಲ ನಡುವಿಗೆ.

ಜೋಡಿಸಿದ ಮೇಲೆ ಒಂದೊಂದೇ ಚೀಟಿಯನ್ನ ಅಂಗೈಯಲ್ಲಿ ಮುಚ್ಚಿ ಕಥೆ ಹೇಳಿಸಿ. ಮುಚ್ಚಿದ್ರೂ ಕಥೆ ಮುಂದಕ್ಕೆ ಹೋದ್ರೆ ಆ ಚೀಟಿ ದಂಡ. ಎರಡು ಚೀಟಿ ಅದಲು ಬದಲು ಮಾಡಿದ್ರೂ ಏನೂ ಕೆಡಲಿಲ್ಲ ಅಂದ್ರೆ ಅವೆರಡರ ನಡುವೆ ಕೊಂಡಿ ಇಲ್ಲ. ವೇದಿಕೆ ಮೇಲೂ ಇದು ಉಪಯೋಗಕ್ಕೆ ಬರುತ್ತೆ: ಬಾಯಿಪಾಠದ ಮಗು ಒಂದು ವಾಕ್ಯ ಮರೆತ್ರೆ ಅಲ್ಲೇ ನಿಂತುಬಿಡುತ್ತೆ, ಕೊಂಡಿ ಗೊತ್ತಿರೋ ಮಗು ಬೇರೆ ಮಾತಲ್ಲಿ ದಾಟಿಕೊಳ್ಳುತ್ತೆ.

ಕೆಡೋದು ಹೆಚ್ಚಾಗಿ ಕೊನೇಲಿ. ಅಪ್ಪ ಬಂದು ಟಾರ್ಪಾಲು ಹಾಕಿದ್ರು, ಪೊಲೀಸ್ ಬಂದ್ರು, ಎಲ್ಲಾ ಕನಸಾಗಿತ್ತು. ಮಕ್ಕಳ ದಿನನಿತ್ಯದ ಕಷ್ಟಗಳನ್ನ ದೊಡ್ಡವರೇ ಬಗೆಹರಿಸ್ತಾರಲ್ಲ, ಹಾಗಾಗಿ ಕಥೇಲೂ ಅದೇ ಬರೀತಾವೆ. ಬೈಯಬೇಡಿ. ಎರಡನೇ ಚೀಟಿಯಲ್ಲೇ ಅಪ್ಪನನ್ನ ಪೇಟೆಗೆ ಕಳಿಸಿದ್ದು ಇದಕ್ಕೇ. ಅಕಸ್ಮಾತ್ ಮಳೆ ಬಂದು ತೊಂದರೆ ಆಗಬಹುದು, ಅಕಸ್ಮಾತ್ ಮಳೆ ನಿಂತು ತೊಂದರೆ ತೀರಬಾರದು. ಇನ್ನೊಂದು ಕಾಟ ಪಾತ್ರಗಳ ಸಂತೆ, ಕ್ಲಾಸಿನ ಗೆಳೆಯರೆಲ್ಲ ಬರಬೇಕು. ಮೂರೇ ಪಾತ್ರ, ಒಂದೇ ದಿನ ಅಂತ ಮೊದಲೇ ಹೇಳಿಬಿಡಿ.

ಇನ್ನು ನಮ್ಮ ಕಾಟ, ನೀತಿ. "ಕೊನೇಗೆ ಏನು ಕಲಿತಳು ಬರಿ ಪುಟ್ಟಿ" ಅನ್ನಬೇಡಿ. ಅರ್ಧ ಕಾಫಿ ನೆಂದು ಅರ್ಧ ಉಳೀತು, ಇಬ್ಬರೂ ಟಾರ್ಪಾಲಿನ ಅಡಿಯಲ್ಲೇ ಕೂತು ಜಾತ್ರೆಯ ಓಲಗ ಕೇಳಿದ್ರು ಅಂತ ಮಗು ಮುಗಿಸಿದ್ರೆ ಅದನ್ನ ಹಾಗೇ ಬಿಡಿ. ಪ್ರಶ್ನೆ ಕೇಳೋದು ಮಾತ್ರ ನಿಮ್ಮ ಕೆಲಸ: ಅವಳಿಗೆ ಏನು ಬೇಕು, ಅಡ್ಡಿ ಏನು, ಅದಕ್ಕೆ ಏನು ಮಾಡಿದಳು. ಉತ್ತರ ಬರೋವರೆಗೆ ಸುಮ್ಮನಿರಿ, ಇದೇ ದೊಡ್ಡವರಿಗೆ ಕಷ್ಟ. ಅರ್ಧ ಗಂಟೆಗಿಂತ ಎಳೀಬೇಡಿ. ಚೀಟಿಗಳನ್ನ ಕ್ರಮವಾಗಿ ಕ್ಲಿಪ್ ಹಾಕಿಟ್ಟು, ಬರವಣಿಗೆ ಮಾರನೇ ದಿನಕ್ಕೆ ಇಟ್ಟುಕೊಳ್ಳಿ. ಕಾಗುಣಿತ ತಿದ್ದೋದು ಅದಾದ ಮೇಲೆ.