ಅಪ್ಪನ ಟೈಪ್‌ರೈಟರ್, ನಮ್ಮ ಬ್ಯಾಕ್‌ಸ್ಪೇಸ್

ಅಪ್ಪ ದಾವಣಗೆರೆಯಲ್ಲಿ ಕೋರ್ಟಿನ ಎದುರು ಜಾಬ್ ಟೈಪಿಂಗ್ ಮಾಡುತ್ತಿದ್ದರು. ಅರ್ಜಿ, ಅಫಿಡವಿಟ್, ಬಾಡಿಗೆ ಕರಾರು. ಕಾರ್ಬನ್ ಇಟ್ಟು ಮೂರು ಮೂರು ಪ್ರತಿ. ತಪ್ಪಾದ ಹಾಳೆಗಳನ್ನು ಮನೆಗೆ ತರುತ್ತಿದ್ದರು, ಅದರ ಹಿಂಬದಿಯಲ್ಲಿ ನಾವು ಲೆಕ್ಕ ಮಾಡುತ್ತಿದ್ದೆವು. ಅಕ್ಕನ ಮದುವೆಗೆ ಸಾಲ ಮಾಡಿದ ವರ್ಷ ಆ ಹಾಳೆಗಳು ಬೇರೆ ಥರ ಇರುತ್ತಿದ್ದವು. ಚುಕ್ಕಿ ಇದ್ದ ಕಡೆಯೆಲ್ಲ ತೂತು. ಬೆಳಕಿಗೆ ಹಿಡಿದರೆ ಸಾಲು ಸಾಲಾಗಿ ಕಾಣುತ್ತಿತ್ತು. ಟೈಪಿಂಗ್ ಕಲಿಸುವಾಗಲೇ ಚುಕ್ಕಿಯನ್ನು ಹಗುರಾಗಿ ಒತ್ತು ಅಂತ ಹೇಳಿಕೊಡುತ್ತಾರೆ. ಅಪ್ಪನಿಗೆ ಗೊತ್ತಿಲ್ಲದ ಪಾಠವಲ್ಲ ಅದು, ಆದರೆ ಬೆರಳು ಕೇಳುತ್ತಿರಲಿಲ್ಲ.

ಅಮ್ಮ ಹಾಳೆ ನೋಡಿ, "ಇವತ್ತೂ ಬಡ್ಡಿಯವ್ನು ಬಂದಿದ್ನಾ?" ಅಂತ ಕೇಳುತ್ತಿದ್ದಳು. ಅಪ್ಪ ಒಂದು ಮಾತೂ ಆಡಿರುತ್ತಿರಲಿಲ್ಲ.

ಇದೆಲ್ಲ ಈಗ ನೆನಪಾಗಲು ಕಾರಣ ಇದೆ. ನಮ್ಮ ಆಫೀಸಿನಲ್ಲಿ ಹೊಸ ತಂತ್ರಾಂಶ ಹಾಕುವ ಮಾತು ನಡೆಯುತ್ತಿದೆ. ನಾವು ಕೀಬೋರ್ಡ್, ಮೌಸ್ ಬಳಸುವ ರೀತಿ ನೋಡಿ ಯಾರಿಗೆ ಒತ್ತಡ ಜಾಸ್ತಿಯಾಗಿದೆ ಅಂತ ಅದು ಹೇಳುತ್ತದಂತೆ. "ಇದೆಲ್ಲ ಸುಳ್ಳು, ಮಷೀನಿಗೆ ಏನು ಗೊತ್ತಾಗುತ್ತೆ" ಅಂತ ಹಲವರು ಅಂದರು. ಸುಳ್ಳಲ್ಲ. ಅದಕ್ಕೇ ನನಗೆ ಚಿಂತೆ.

ಸ್ವಿಟ್ಜರ್‌ಲ್ಯಾಂಡಿನ ಇಟಿಎಚ್ ಜ್ಯೂರಿಕ್ ವಿಶ್ವವಿದ್ಯಾಲಯದವರು 90 ಜನರನ್ನು ಕೂರಿಸಿ ನಿಜವಾದ ಆಫೀಸ್ ಕೆಲಸದಂಥದ್ದೇ ಕೆಲಸ ಕೊಟ್ಟು ನೋಡಿದರು. ಕೆಲವರನ್ನು ಅವರ ಪಾಡಿಗೆ ಬಿಟ್ಟರು. ಉಳಿದವರಿಗೆ ಕೆಲಸದ ಸಂದರ್ಶನ ಮಾಡಿದರು, ಅವರಲ್ಲಿ ಕೆಲವರಿಗೆ ನಡುನಡುವೆ ಚಾಟ್ ಸಂದೇಶ ಕಳಿಸಿ ಕಾಟ ಕೊಟ್ಟರು. ಫಲಿತಾಂಶ 2023ರಲ್ಲಿ ಬಂತು. ಒತ್ತಡದಲ್ಲಿದ್ದವರ ಮೌಸ್ ಜಾಸ್ತಿ ಓಡಾಡುತ್ತದೆ, ಸುತ್ತಿ ಬಳಸಿ ಹೋಗುತ್ತದೆ, ಗುರಿ ತಪ್ಪುತ್ತದೆ. ಟೈಪಿಂಗಿನಲ್ಲಿ ತಪ್ಪು ಹೆಚ್ಚು, ಚಿಕ್ಕ ಚಿಕ್ಕ ನಿಲುಗಡೆಗಳೂ ಹೆಚ್ಚು. ನಿರಾಳವಾಗಿದ್ದವರು ನಿಲ್ಲುವುದು ಕಡಿಮೆ, ನಿಂತರೆ ಹೆಚ್ಚು ಹೊತ್ತು ನಿಲ್ಲುತ್ತಾರೆ. ಎದೆಬಡಿತಕ್ಕಿಂತ ಕೀಬೋರ್ಡ್ ಮತ್ತು ಮೌಸ್ ಒತ್ತಡವನ್ನು ಚೆನ್ನಾಗಿ ಹೇಳಿದವು! ಅದಕ್ಕೂ ಮೊದಲೇ, 2014ರಲ್ಲಿ, ಎಷ್ಟು ಜೋರಾಗಿ ಒತ್ತುತ್ತೇವೆ ಅಂತ ಅಳೆಯುವ ಕೀಬೋರ್ಡನ್ನು ಮೈಕ್ರೋಸಾಫ್ಟ್ ಮತ್ತು ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಸಂಶೋಧಕರು 24 ಜನರ ಮೇಲೆ ಪರೀಕ್ಷಿಸಿದ್ದರು. ಮುಕ್ಕಾಲು ಪಾಲಿಗಿಂತ ಜಾಸ್ತಿ ಜನ ಒತ್ತಡದಲ್ಲಿದ್ದಾಗ ಕೀಲಿಗಳನ್ನು ಜೋರಾಗಿ ಒತ್ತಿದ್ದರು. ಓದಿದಾಗ ಅಪ್ಪನ ಹಾಳೆಗಳೇ ಕಣ್ಣಮುಂದೆ ಬಂದವು.

ಆದರೆ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದ್ದು ಅಮ್ಮ. ನೋಡಿದವಳು ಟೀಗೆ ಇಟ್ಟಳು, ಮರುದಿನ ತವರಿಗೆ ಹೋಗಿ ತಮ್ಮನ ಹತ್ತಿರ ಕೈಗಡ ಕೇಳಿದಳು. ಅದೇ ಹಾಳೆ ಬಡ್ಡಿಯವನ ಕೈಗೆ ಸಿಕ್ಕಿ, ಅವನಿಗೂ ಓದಲು ಬಂದಿದ್ದರೆ?

ಹಿಂದೆ ಒಂದು ಆಫೀಸಿನಲ್ಲಿದ್ದೆ. ಕೀಲಿ ಒತ್ತದೆ ಎಷ್ಟು ನಿಮಿಷ ಸುಮ್ನೆ ಕೂತೆವು ಅಂತ ಲೆಕ್ಕ ಇಡುವ ತಂತ್ರಾಂಶ ಅಲ್ಲಿತ್ತು. ನನ್ನ ಪಕ್ಕದ ಸೀಟಿನ ಹುಡುಗಿಯ ತಾಯಿ ಶಿವಮೊಗ್ಗದಲ್ಲಿ ಆಸ್ಪತ್ರೆ ಸೇರಿದ್ದರು. ಒಂದು ಮಧ್ಯಾಹ್ನ ಅವಳು ಟೀಮ್ ಲೀಡ್‌ಗೆ "ಸರ್, ನಾಳೆ ರಜೆ ಬೇಕಿತ್ತು" ಅಂತ ಟೈಪ್ ಮಾಡಿದಳು. ಅಳಿಸಿದಳು. "ಸರ್, ಸಾಧ್ಯ ಆದ್ರೆ" ಅಂತ ಶುರು ಮಾಡಿದಳು. ಅದನ್ನೂ ಅಳಿಸಿದಳು. ಬ್ಯಾಕ್‌ಸ್ಪೇಸ್ ಮೇಲೆ ಬೆರಳು ಇಟ್ಟುಕೊಂಡೇ ಪರದೆ ನೋಡುತ್ತಾ ಕೂತಳು. ನಾನು ಪಕ್ಕದಲ್ಲೇ ಇದ್ದೆ. ಸೀಟಿನಿಂದ ಏಳಿಸಿ ಹೊರಗೆ ಕರೆದುಕೊಂಡು ಹೋದೆ. ವಾರದ ಕೊನೆಯ ವರದಿಯಲ್ಲಿ ಅವಳ ಹೆಸರಿನ ಮುಂದೆ ಕೆಂಪು ಬಣ್ಣ ಬಂತು, ಎಲ್ಲರ ಎದುರು ಮಾತು ಕೇಳಬೇಕಾಯಿತು. ಅವಳು ಕೆಲಸ ಬಿಟ್ಟಳು. ಆ ದಿನ ನಾನು ಬಾಯಿ ಬಿಡಲಿಲ್ಲ, ಆ ಸಂಕಟ ಇನ್ನೂ ಇದೆ.

ಇಟಿಎಚ್ ತಂಡದವರು ತಮ್ಮ ಉದ್ದೇಶ ನೌಕರರಿಗೆ ಬೇಗ ಎಚ್ಚರಿಕೆ ಕೊಡುವುದು, ಕಂಪನಿಗಳ ಕೈಗೆ ಕಾವಲು ಕಣ್ಣು ಕೊಡುವುದಲ್ಲ ಅಂತ ಸ್ಪಷ್ಟವಾಗಿ ಹೇಳಿದ್ದಾರೆ. ಐರೋಪ್ಯ ಒಕ್ಕೂಟವಂತೂ ಕೆಲಸದ ಜಾಗದಲ್ಲಿ, ಶಾಲೆ ಕಾಲೇಜಿನಲ್ಲಿ ಜನರ ದೇಹದ ಲಕ್ಷಣಗಳಿಂದ ಭಾವನೆ ಊಹಿಸುವ ಎಐಯನ್ನು 2025ರ ಫೆಬ್ರವರಿ 2ರಿಂದ ನಿಷೇಧಿಸಿದೆ. ಚಿಕಿತ್ಸೆಗೆ, ಸುರಕ್ಷತೆಗೆ ಮಾತ್ರ ವಿನಾಯಿತಿ. ನಮ್ಮಲ್ಲಿ? 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ 7ನೇ ಸೆಕ್ಷನ್ ಓದಿ ನೋಡಿ. ಉದ್ಯೋಗದ ಉದ್ದೇಶಕ್ಕಾಗಿ ನಮ್ಮ ಮಾಹಿತಿಯನ್ನು ಒಪ್ಪಿಗೆ ಕೇಳದೆಯೂ ಬಳಸಲು ಅಲ್ಲಿ ದಾರಿ ಇದೆ. ಇಷ್ಟು ಅಗಲದ ಬಾಗಿಲಿನಲ್ಲಿ ಏನು ಬೇಕಾದರೂ ಒಳಗೆ ಬರಬಹುದು, ಅಲ್ವಾ?

ಇನ್ನೊಂದು ವಿಷಯ. ನಾನು ದಿನಾ 'ನುಡಿ' ಅನ್ನುವ ಕನ್ನಡ ತಂತ್ರಾಂಶದಲ್ಲೂ ಟೈಪ್ ಮಾಡುತ್ತೇನೆ. ಒತ್ತಕ್ಷರ ಬಂದಾಗೆಲ್ಲ ನಡುವೆ 'ಎಫ್' ಒತ್ತಬೇಕು, ಅದು ತಪ್ಪಿದರೆ ಬ್ಯಾಕ್‌ಸ್ಪೇಸ್. 'ಸ್ವಾತಂತ್ರ್ಯ' ಅಂತ ಬರೆಯುವಾಗ ನನ್ನ ಬೆರಳು ತಡವರಿಸುವುದು ಒತ್ತಡದಿಂದ ಅಲ್ಲ. ಬೇರೆ ಭಾಷೆಯ ಬೆರಳುಗಳನ್ನು ನೋಡಿ ಕಲಿತ ಮಷೀನ್ ಅದನ್ನು ಹೇಗೆ ಓದುತ್ತದೆ? ಮಣಿಕಟ್ಟು ನೋಯುವವರು, ಹಳೇ ಮೌಸ್ ಸಿಕ್ಕವರು ಏನು ಮಾಡಬೇಕು? ಮೊದಲು ಒಬ್ಬೊಬ್ಬರ ಮಾಮೂಲಿ ರೀತಿ ಏನು ಅಂತ ತಿಳಿಯಬೇಕು, ಆಮೇಲೆ ತಾನೇ ವ್ಯತ್ಯಾಸದ ಮಾತು.

ಈ ತಂತ್ರಜ್ಞಾನ ನನಗೆ ಬೇಕು, ನಿಜವಾಗಿಯೂ ಬೇಕು. ಸಂಜೆ ಆರಕ್ಕೆ "ಇವತ್ತು ನಿನ್ನ ಬೆರಳು ಎಂದಿನಂತಿಲ್ಲ, ಎದ್ದು ಒಂದು ಸುತ್ತು ಹೋಗಿ ಬಾ" ಅಂತ ನನ್ನ ಪರದೆಯ ಮೇಲೆ, ನನಗೊಬ್ಬಳಿಗೇ ಬರಲಿ. ತುಂಬಾ ದಿನ ಹಾಗೇ ಇದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರ್ ತೋರಿಸಲಿ, ಫೋನ್ ಮಾಡುವುದೋ ಬಿಡುವುದೋ ನಾನು ನೋಡಿಕೊಳ್ಳುತ್ತೇನೆ. ಲೆಕ್ಕವೆಲ್ಲ ನನ್ನ ಲ್ಯಾಪ್‌ಟಾಪಿನಲ್ಲೇ ಇರಲಿ. ಮ್ಯಾನೇಜರ್‌ಗೆ ಹೋಗಬೇಕಾದ್ದು ಹೆಸರುಗಳಲ್ಲ. ಇಡೀ ವಿಭಾಗದಲ್ಲಿ ಈ ತಿಂಗಳು ಒತ್ತಡ ಏರಿದೆ ಅನ್ನುವುದಷ್ಟೇ ಹೋಗಲಿ. ಹಾಗೆ ಏರಿದರೆ ಕೆಲಸದ ಹೊರೆ ಇಳಿಸಬೇಕಾದವರು ಅವರು. ನಮಗೆ ಪ್ರಾಣಾಯಾಮದ ವಿಡಿಯೋ ಕಳಿಸಿ ಕೈ ತೊಳೆದುಕೊಂಡರೆ ಆಗಲಿಲ್ಲ.

ಸೋಮವಾರ ಮೀಟಿಂಗ್ ಇದೆ. ಈ ಲೆಕ್ಕ ಎಲ್ಲಿ ಉಳಿಯುತ್ತದೆ, ಯಾರು ನೋಡುತ್ತಾರೆ, ಬೇಡ ಅಂದವರಿಗೆ ತೊಂದರೆ ಆಗುವುದಿಲ್ಲ ಅಂತ ಬರೆದು ಕೊಡುತ್ತೀರಾ ಅಂತ ಕೇಳುತ್ತೇನೆ. ಈ ಸಲ ಸುಮ್ಮನೆ ಕೂರುವುದಿಲ್ಲ. ನಿಮ್ಮ ಆಫೀಸಿನಲ್ಲಿ ಇಂಥದ್ದು ಆಗಲೇ ಬಂದಿದ್ದರೆ, ಅವರು ಏನು ಹೇಳಿ ಹಾಕಿದರು ಅಂತ ಭಾನುವಾರದೊಳಗೆ ನನಗೆ ತಿಳಿಸಿ.