ರೊಟ್ಟಿ ಇಲ್ಲದ ತಟ್ಟೆಯಲ್ಲಿ ಕೈಗೇನು ಕೆಲಸ?

ಕಾರಹುಣ್ಣಿಮೆಯ ಮರುದಿನ ನಾನು ರೊಟ್ಟಿ ಬಿಟ್ಟೆ. ಧಾರವಾಡದಲ್ಲೇ ಹುಟ್ಟಿ ಬೆಳೆದು ಐವತ್ತಮೂರು ದಾಟಿದ ಗಂಡಸು ಹೀಗೆ ಹೇಳಿದರೆ ಜನ ಅವನ ಮುಖ ನೋಡುವುದಿಲ್ಲ, ಮನೆಯಲ್ಲಿ ಏನೋ ಜಗಳವಾಗಿದೆ ಎಂದು ಹೆಂಡತಿಯ ಮುಖ ನೋಡುತ್ತಾರೆ. ಜಗಳವೇನೂ ಆಗಿರಲಿಲ್ಲ. ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಎಚ್‌ಬಿಎ1ಸಿ 8.4 ಬಂದಿತ್ತು.

ಪಿಷ್ಟವನ್ನು ದಿನಕ್ಕೆ 130 ಗ್ರಾಂ ಒಳಗೆ ಇಳಿಸಿ ನೋಡೋಣ ಎಂದರು ವೈದ್ಯರು. ಜೋಳ ಸಕ್ಕರೆ ಕಾಯಿಲೆಗೆ ಒಳ್ಳೆಯದಲ್ಲವೇ ಎಂದು ನಾನು ವಾದಿಸಿದೆ. ಒಳ್ಳೆಯದೇ, ಬಿಳಿ ಅನ್ನಕ್ಕಿಂತ ನಾರು ಹೆಚ್ಚು, ಎಷ್ಟು ರೊಟ್ಟಿ ತಿನ್ನುತ್ತೀರಿ ಎಂದು ಕೇಳಿದರು. ಮನೆಗೆ ಬಂದು ಹಿಟ್ಟು ತೂಗಿದೆ. ನಮ್ಮ ಮನೆಯ ಒಂದು ರೊಟ್ಟಿಗೆ 50 ಗ್ರಾಂ ಹಿಟ್ಟು, ಅದರಲ್ಲಿ ಸುಮಾರು 34 ಗ್ರಾಂ ಪಿಷ್ಟ. ಮಧ್ಯಾಹ್ನ ಮೂರು, ರಾತ್ರಿ ಎರಡು, ಅಲ್ಲಿಗೇ 170. ಮೇಲಿನ ಅನ್ನ-ಸಾರು, ಸಂಜೆಯ ಗಿರಮಿಟ್ಟು ಇನ್ನೂ ಲೆಕ್ಕಕ್ಕೇ ಬಂದಿರಲಿಲ್ಲ. ಖಡಕ್ ರೊಟ್ಟಿಯನ್ನಂತೂ ನಾನು ಇಷ್ಟು ವರ್ಷ ಹಪ್ಪಳದ ಜಾತಿಗೆ ಸೇರಿಸಿಕೊಂಡಿದ್ದೆ. ಒಣಗಿದಾಗ ಹೋಗುವುದು ನೀರು ಮಾತ್ರ, ಹಿಟ್ಟು ಎಲ್ಲಿಗೆ ಹೋಗುತ್ತದೆ?

ಹಂತಹಂತವಾಗಿ ಇಳಿಸಿ ಎಂದಿದ್ದರು. ನನ್ನದು ಹಟದ ಸ್ವಭಾವ, ಒಂದೇ ದಿನಕ್ಕೆ ರೊಟ್ಟಿ, ಅನ್ನ, ಅವಲಕ್ಕಿ ಎಲ್ಲ ನಿಲ್ಲಿಸಿದೆ. ಮೂರನೆಯ ದಿನ ಹುಬ್ಬಳ್ಳಿಯ ಕಚೇರಿಗೆ ಹೊರಟು ಚಿಗರಿ ಬಸ್ಸಿನಲ್ಲಿ ನಿಂತಿದ್ದೇನೆ, ಉಣಕಲ್ ಕೆರೆ ಬರುವಷ್ಟರಲ್ಲಿ ತಲೆ ಸಿಡಿಯಲು ಶುರುವಾಯಿತು. ರಾತ್ರಿ ಮೀನಖಂಡ ಹಿಡಿದುಕೊಂಡು ಎದ್ದು ಕುಳಿತೆ. ಪಿಷ್ಟ ಕಡಿಮೆಯಾದರೆ ಇನ್ಸುಲಿನ್ ಇಳಿಯುತ್ತದೆ, ಆಗ ಮೂತ್ರಪಿಂಡಗಳು ಉಪ್ಪನ್ನು ಹೊರಗೆ ಬಿಡುತ್ತವೆ, ಉಪ್ಪಿನ ಹಿಂದೆ ನೀರೂ ಹೋಗುತ್ತದೆ. ರಕ್ತದೊತ್ತಡ ಇಲ್ಲದ ನನಗೆ ವೈದ್ಯರು ಹೇಳಿದ ಔಷಧ ಉಪ್ಪು ಹಾಕಿದ ನೀರುಮಜ್ಜಿಗೆ. ಎರಡು ದಿನದಲ್ಲಿ ತಲೆ ಹಗುರಾಯಿತು.

ಆ ವಾರ ಎರಡೂವರೆ ಕಿಲೋ ತೂಕ ಇಳಿದಿತ್ತು. ಕಚೇರಿಯಲ್ಲಿ ಹೊಗಳಿದ್ದೇ ಹೊಗಳಿದ್ದು. ನಾನೂ ಉಬ್ಬಿದ್ದೆ. ಆಮೇಲೆ ಗೊತ್ತಾಯಿತು: ದೇಹ ಯಕೃತ್ತು, ಸ್ನಾಯುಗಳಲ್ಲಿ ಕೂಡಿಡುವ ಗ್ಲೈಕೋಜನ್‌ನ ಒಂದೊಂದು ಗ್ರಾಮಿಗೆ ಸುಮಾರು ಮೂರು ಗ್ರಾಂ ನೀರು ಅಂಟಿಕೊಂಡಿರುತ್ತದೆ. ದಾಸ್ತಾನು ಕರಗಿದಂತೆ ನೀರೂ ಇಳಿಯುತ್ತದೆ. ಅಂದರೆ ನಾನು ಹೆಚ್ಚಾಗಿ ಇಳಿಸಿದ್ದು ನೀರನ್ನು. ಮುಂದಿನ ಎರಡು ವಾರ ತಕ್ಕಡಿಯ ಮುಳ್ಳು ಅಲುಗಲಿಲ್ಲ.

ಇದನ್ನು ಓದಿ ನಾಳೆಯೇ ಶುರುಮಾಡುವ ಸಕ್ಕರೆ ಕಾಯಿಲೆಯವರಿಗೆ ಒಂದು ಮಾತು. ಸಕ್ಕರೆ ಇಳಿಸುವ ಮಾತ್ರೆಯನ್ನೋ ಇನ್ಸುಲಿನ್ನನ್ನೋ ಅಷ್ಟೇ ಪ್ರಮಾಣದಲ್ಲಿ ಇಟ್ಟುಕೊಂಡು ರೊಟ್ಟಿ ಬಿಟ್ಟರೆ ಸಕ್ಕರೆ ಪಾತಾಳಕ್ಕಿಳಿದು ಬಸ್ಸಿನಲ್ಲೇ ಬೀಳಬಹುದು. ನನ್ನ ಗ್ಲಿಮೆಪಿರೈಡ್ ಮಾತ್ರೆಯನ್ನು ವೈದ್ಯರು ಮೊದಲ ದಿನವೇ ಅರ್ಧಕ್ಕೆ ಇಳಿಸಿದ್ದರು. ನೀವೂ ಕೇಳದೆ ಮಾಡಬೇಡಿ.

ಆದರೆ ನಿಜವಾದ ತೊಡಕು ತಲೆನೋವಲ್ಲ, ಹಸಿವೂ ಅಲ್ಲ. ರೊಟ್ಟಿ ನಮ್ಮ ಕಡೆ ಊಟವಷ್ಟೇ ಅಲ್ಲ, ಚಮಚವೂ ಹೌದು. ಮುರಿಯಬೇಕು, ಮಡಿಸಬೇಕು, ಎಣ್ಣೆಗಾಯಿಯನ್ನು ಬಾಚಬೇಕು. ರೊಟ್ಟಿ ಇಲ್ಲದ ತಟ್ಟೆಯ ಮುಂದೆ ಕುಳಿತರೆ ಬಲಗೈಗೆ ಏನು ಮಾಡುವುದೆಂದೇ ತಿಳಿಯುವುದಿಲ್ಲ. ಜುಣಕವನ್ನು ಚಮಚದಲ್ಲಿ ತಿಂದೆ, ಆಸ್ಪತ್ರೆಯಲ್ಲಿದ್ದಂತೆ ಅನ್ನಿಸಿತು. ಇನ್ನೊಂದು ವಿಷಯ ಅಡುಗೆ ಮಾಡದ ನನಗೆ ಹೊಳೆದೇ ಇರಲಿಲ್ಲ, ಅವ್ವ ಹೇಳಿದಳು: ಪಲ್ಯದ ಉಪ್ಪು-ಖಾರ ರೊಟ್ಟಿಯ ಅಳತೆಗೆ ಹಾಕಿದ್ದು. ಸಪ್ಪೆ ರೊಟ್ಟಿಯ ಜೊತೆ ಹದವಾಗುವ ಪುಂಡಿಪಲ್ಯ ಬರಿದೇ ತಿಂದರೆ ನಾಲಿಗೆ ಕಿತ್ತುಬರುತ್ತದೆ. ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಕೂಡ ಹಾಗೇ. ಆಹಾರ ಬದಲಿಸಿ ಎನ್ನುವವರು ಒಂದು ಪದಾರ್ಥ ತೆಗೆಯಿರಿ ಎನ್ನುತ್ತಾರೆ. ಒಂದನ್ನು ತೆಗೆದರೆ ತಟ್ಟೆಯಲ್ಲಿ ಉಳಿದವೆಲ್ಲದರ ಹದ ಕೆಡುತ್ತದೆ.

ಮೊಬೈಲಿನ ಪಂಡಿತರೊಬ್ಬರ ಮಾತು ಕೇಳಿ ಬಾದಾಮಿ ಹಿಟ್ಟನ್ನೂ ತಂದೆವು. ಅದರ ಬೆಲೆಯ ಮಾತು ಬೇಡ. ಜೋಳದ ಹಿಟ್ಟಿಗೆ ಎಸರು ಹೊಯ್ದರೆ ಪಿಷ್ಟ ಬೆಂದು ಜಿಗಿ ಬರುತ್ತದೆ, ಅದಕ್ಕೇ ತಟ್ಟಲು ಬರುತ್ತದೆ. ಬಾದಾಮಿಯಲ್ಲಿ ಆ ಪಿಷ್ಟವೇ ಇಲ್ಲವೆನ್ನುವಷ್ಟು ಕಡಿಮೆ. ಹೆಂಚಿನ ಮೇಲೆ ನುಚ್ಚಾಗಿ ಬಿದ್ದದ್ದನ್ನು ನೋಡಿ ಅವ್ವ ಒಂದು ಮಾತನ್ನೂ ಆಡಲಿಲ್ಲ, ಅದೇ ಹೆಚ್ಚು ನಾಚಿಕೆಯಾಯಿತು.

ಈ ನಡುವೆ ಹೆಂಡತಿ ಒಂದು ದಿನ ಲಟ್ಟಣಿಗೆ ಇಟ್ಟು ಕೇಳಿದಳು, ಪಥ್ಯ ನಿಮ್ಮದು, ಎರಡೆರಡು ಅಡುಗೆ ನನ್ನದೇ? ಉತ್ತರ ಇರಲಿಲ್ಲ. ಈಗ ಬೆಳಿಗ್ಗೆ ಮೆಂತ್ಯ, ಹಕ್ಕರಿಕೆ ಸೋಸುವುದು, ಸೌತೆಕಾಯಿ ಹೆಚ್ಚುವುದು ನನ್ನ ಕೆಲಸ. ಗಂಡಸರು ಪಥ್ಯದ ಬಗ್ಗೆ ಬರೆಯುವಾಗ ಈ ಭಾಗವನ್ನು ಯಾಕೋ ಬಿಟ್ಟುಬಿಡುತ್ತಾರೆ.

ಮೂರು ವಾರದ ಹೊತ್ತಿಗೆ ಪೂರ್ತಿ ಬಿಡುವ ಹಟ ಕೈಬಿಟ್ಟೆ. ಮಧ್ಯಾಹ್ನ ಒಂದೇ ರೊಟ್ಟಿ, ತೆಳ್ಳಗೆ ತಟ್ಟಿದ್ದು. ರಾತ್ರಿ ಮೊಟ್ಟೆಯೋ ಪನೀರೋ, ಒಂದು ಹಿಡಿ ಶೇಂಗಾ, ಕೆನೆಮೊಸರು. ಮೊಳಕೆ ಕಾಳಿನಲ್ಲೂ ಪಿಷ್ಟ ಇದೆ, ಆದ್ದರಿಂದ ಬಟ್ಟಲು ಚಿಕ್ಕದು. ಪಲ್ಯ ಮಾತ್ರ ಮೊದಲಿನ ಮೂರು ಪಟ್ಟು, ಉಪ್ಪು-ಖಾರ ಅರ್ಧ. ಆ ಒಂದು ರೊಟ್ಟಿಯನ್ನು ಹದಿನಾರು ಚೂರು ಮಾಡಿ ತಟ್ಟೆ ಮುಗಿಯುವ ತನಕ ಸಾಗಿಸುವ ಕಲೆ ಬಂದಿದೆ. ಬರಿಹೊಟ್ಟೆಯ ಸಕ್ಕರೆ 168 ಇದ್ದದ್ದು ಮೊನ್ನೆ 129. ಎಚ್‌ಬಿಎ1ಸಿ ನೋಡಲು ಇನ್ನೂ ಎರಡು ತಿಂಗಳು ಕಾಯಬೇಕು.

ಲೈನ್ ಬಜಾರಿನಲ್ಲಿ ಪೇಢೆಯ ವಾಸನೆ ಬಂದಾಗ ಈಗಲೂ ಹೆಜ್ಜೆ ನಿಧಾನವಾಗುತ್ತದೆ. ಅದನ್ನು ಹೇಗೋ ದಾಟಬಹುದು. ನಾಡಿದ್ದು ರೊಟ್ಟಿ ಪಂಚಮಿ. ಓಣಿಯ ಮನೆಗಳಿಂದ ರೊಟ್ಟಿ, ಪಲ್ಯ, ಹಿಂಡಿಯ ತಟ್ಟೆಗಳು ಬರುತ್ತವೆ, ನಮ್ಮಿಂದಲೂ ಹೋಗಬೇಕು. ಅವ್ವ ನಿನ್ನೆಯಿಂದಲೇ ಎಳ್ಳು ಹಚ್ಚಿದ ಸಜ್ಜೆರೊಟ್ಟಿ ತಟ್ಟಿ ಬುಟ್ಟಿಯಲ್ಲಿ ಒಟ್ಟುತ್ತಿದ್ದಾಳೆ. ನನ್ನ ಪಾಲು ಎಷ್ಟು ಎಂದು ಕೇಳಿದೆ. ಹಬ್ಬದ ದಿನ ರೊಟ್ಟಿ ಎಣಿಸಬಾರದು ಎಂದಳು.